ಏಳನೇ ತಂತಿಯ ಸಂಸಾರ

ಆ ಕಟ್ಟಡಕ್ಕೆ ನಾಲ್ಕು ಅಂತಸ್ತು, ಎಂಟು ಮನೆ, ಒಂದು ತಾರಸಿ. ತಾರಸಿಯ ಮೇಲೆ ಮನೆಗೊಂದರಂತೆ ಬಟ್ಟೆ ಒಣಹಾಕುವ ಎಂಟು ತಂತಿ, ತಂತಿಗೊಂದು ನಂಬರು, ನಂಬರಿಗೊಂದು ತಗಡಿನ ಬಿಲ್ಲೆ. ಒಬ್ಬರ ತಂತಿಯ ಮೇಲೆ ಇನ್ನೊಬ್ಬರು ಒಂದು ಕರವಸ್ತ್ರ ಹಾಕಿದರೂ ಕಾರ್ಯದರ್ಶಿಗಳಿಂದ ಸುತ್ತೋಲೆ ಹೊರಡುತ್ತಿತ್ತು. ಕಟ್ಟಡದವರು ಬೆಳಿಗ್ಗೆ ಪತ್ರಿಕೆ ಓದುವ ಮೊದಲು ಈ ತಂತಿಗಳನ್ನು ಓದುತ್ತಿದ್ದರು. ಎರಡನೇ ತಂತಿಯಲ್ಲಿ ಹೊಸ ಚಾದರ ಕಂಡರೆ ನೆಂಟರು ಬಂದಿದ್ದಾರೆ. ಐದನೆಯದರಲ್ಲಿ ಹಸುಗೂಸಿನ ಬಟ್ಟೆ ಕಂಡರೆ ಮಗಳ ಹೆರಿಗೆ ಆಯಿತು. ನಾಲ್ಕನೆಯದರಲ್ಲಿ ಬರೀ ಗಂಡನ ಬಟ್ಟೆಯಿದ್ದರೆ ಹೆಂಡತಿ ತವರಿಗೆ ಹೋಗಿದ್ದಾಳೆ. ಅಂಗಿಯ ಕಾಲರು ಕಪ್ಪಗಿದ್ದರೆ ಜಗಳವಾಡಿಕೊಂಡು ಹೋಗಿದ್ದಾಳೆ. ಸಂಪಾದಕೀಯ, ವಾಚಕರ ವಾಣಿ ಎಲ್ಲ ಮೆಟ್ಟಿಲ ಮೇಲೆ ನಡೆಯುತ್ತಿತ್ತು.

ಏಳನೇ ತಂತಿಯನ್ನು ಮಾತ್ರ ಯಾರೂ ಓದುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಅದರಲ್ಲಿ ಒಂದೇ ಸುದ್ದಿ: ಎರಡು ಬಿಳಿ ಅಂಗಿ, ಎರಡು ಬೂದು ಪ್ಯಾಂಟು, ಎರಡು ಬನಿಯನ್ನು, ಒಂದು ಟವೆಲ್ಲು.

ಆ ತಂತಿಯ ಯಜಮಾನರು ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದರು. ಅಂಗಡಿಯ ತಕ್ಕಡಿ ಸರಿಯಾಗಿ ತೂಗುತ್ತದೆಯೇ, ಬಟ್ಟೆ ಅಂಗಡಿಯ ಮೀಟರು ಕೋಲು ನಿಜಕ್ಕೂ ಮೀಟರು ಇದೆಯೇ ಎಂದು ನೋಡಿ ಮುದ್ರೆ ಒತ್ತುವ ಕೆಲಸ. ಐವತ್ತೊಂದು ವಯಸ್ಸು, ಮದುವೆಯಿಲ್ಲ. ಕಟ್ಟಡದವರು ಅವರನ್ನು ಅಳತೆರಾಯರು ಎಂದು ಕರೆಯುತ್ತಿದ್ದರು. ಕರೆಯುತ್ತಿದ್ದರು ಅಂದದ್ದು ಸ್ವಲ್ಪ ಜಾಸ್ತಿಯಾಯಿತು, ಕರೆಯುವ ಸಂದರ್ಭವೇ ಬರುತ್ತಿರಲಿಲ್ಲ. ಮೆಟ್ಟಿಲ ಮೇಲೆ ಎದುರಾದವರು ಗ್ಯಾಸ್ ಸಿಲಿಂಡರಿಗೆ ದಾರಿ ಬಿಡುವ ಹಾಗೆ ಗೋಡೆಗೆ ಒತ್ತಿ ನಿಲ್ಲುತ್ತಿದ್ದರು, ಸಿಲಿಂಡರನ್ನು ಯಾರೂ ಮಾತಾಡಿಸುವುದಿಲ್ಲವಷ್ಟೆ.

ಪಕ್ಕದ ಮನೆಯ ವಿಮಾ ಏಜೆಂಟರು, ಕರೆಂಟು ಕಂಬ ಕಂಡರೆ ಅದಕ್ಕೂ ಒಂದು ಪಾಲಿಸಿ ಮಾಡಿಸುವಂಥವರು, ಹನ್ನೊಂದು ವರ್ಷದಲ್ಲಿ ಒಂದೇ ಸಲ ಇವರ ಬಾಗಿಲು ತಟ್ಟಿದ್ದರು. ಅರ್ಜಿಯಲ್ಲಿ ಎಲ್ಲ ತುಂಬಿ 'ನಾಮಿನಿ' ಎಂಬಲ್ಲಿಗೆ ಬಂದಾಗ ರಾಯರು ಪೆನ್ನು ಹಿಡಿದು ಐದು ನಿಮಿಷ ಫ್ಯಾನು ನೋಡಿದರು.

"ಅಕ್ಕ ಇದ್ದಾರೆ," ಅಂದರು ಕಡೆಗೆ.

"ವಯಸ್ಸು?"

"ನನಗಿಂತ ಹನ್ನೆರಡು ವರ್ಷ ದೊಡ್ಡೋರು."

"ಏನ್ ಸಾರ್, ನೀವು ಹೋಗೋವರೆಗೆ ಅವರು ಕಾಯ್ಕೊಂಡು ಕೂತಿರ್ತಾರಾ? ಯೋಚ್ನೆ ಮಾಡಿಟ್ಟಿರಿ, ಮತ್ತೆ ಬರ್ತೀನಿ," ಎಂದು ಹೋದ ಏಜೆಂಟರು ಮತ್ತೆ ಬರಲಿಲ್ಲ.

ಆ ಅಕ್ಕ ಬೇರೆ ಊರಿಗೆ ಮನೆ ಬದಲಿಸುವಾಗ ತನ್ನ ಹೊಲಿಗೆ ಯಂತ್ರವನ್ನೂ ಚೂರು ಬಟ್ಟೆಯ ಒಂದು ಟ್ರಂಕನ್ನೂ ತಮ್ಮನ ಮನೆಯಲ್ಲಿ ಇಳಿಸಿ, "ಎರಡೇ ವಾರ ಇಟ್ಕೊಳೋ, ಜಾಗ ಆದ್ಮೇಲೆ ತಗೊಂಡು ಹೋಗ್ತೀನಿ," ಎಂದಿದ್ದಳು. ಅದಕ್ಕೂ ಹನ್ನೊಂದು ವರ್ಷ. ಮೊದಲ ಹತ್ತು ವರ್ಷ ರಾಯರು ಯಂತ್ರದ ಮೇಲೆ ರೇಡಿಯೋ ಇಟ್ಟಿದ್ದರು. ರೇಡಿಯೋ ಕೆಟ್ಟಿತು. ಅದನ್ನು ರಿಪೇರಿಗೆ ಎತ್ತಿದಾಗ ಕೆಳಗಿದ್ದ ಯಂತ್ರ ಕಣ್ಣಿಗೆ ಬಿತ್ತು. ಕೈಪಿಡಿ ತೆಗೆದು ಮೊದಲ ಪುಟದಿಂದ ಓದಿದರು. ಕೈಪಿಡಿ ಸಿಕ್ಕರೆ ಬಿಡುವ ಜಾತಿಯೇ ಅಲ್ಲ ಅವರದು. ಆರು ತಿಂಗಳಲ್ಲಿ ಟ್ರಂಕು ಖಾಲಿಯಾಗಿ ಎರಡು ಕೌದಿ ಸಿದ್ಧವಾದವು. ಇಡೀ ಊರಿನ ಮೀಟರು ಕೋಲಿಗೆ ಮುದ್ರೆ ಒತ್ತುವ ಮನುಷ್ಯ ಕತ್ತರಿಸಿದ ಚೌಕಗಳಲ್ಲಿ ಎರಡು ಚೌಕ ಒಂದೇ ಅಳತೆ ಇರಲಿಲ್ಲ ಎನ್ನುವುದು ಬೇರೆ ಮಾತು. ಇಲಾಖೆಯ ಗೌರವದ ದೃಷ್ಟಿಯಿಂದ ಅದನ್ನು ಇಲ್ಲಿಗೇ ಬಿಡೋಣ.

ಚೂರು ಮುಗಿದ ಹೊತ್ತಿಗೆ ಸರಿಯಾಗಿ ರಾಯರಿಗೆ ಹಳೇ ಬಟ್ಟೆ ಅಂಗಡಿಯ ತಕ್ಕಡಿ ಪರೀಕ್ಷಿಸುವ ಸರದಿ ಬಂತು. ಅಲ್ಲಿ ಬಳಸಿದ ಬಟ್ಟೆಯನ್ನು ತೂಕಕ್ಕೆ ಮಾರುತ್ತಿದ್ದರು. ಅಂಗಡಿಯಾಕೆ ಒಂದು ಗಂಟನ್ನು ತಕ್ಕಡಿಗೆ ಎತ್ತಿ ಹಾಕಿದಳು. ಮುಳ್ಳು ಸರಿಯಾಗಿಯೇ ನಿಂತಿತು. ಆದರೆ ರಾಯರ ಕಣ್ಣು ಮುಳ್ಳಿನ ಮೇಲಿರಲಿಲ್ಲ. ಗಂಟಿನಿಂದ ಹಳದಿ ಬಟ್ಟೆಯೊಂದು ಇಣುಕುತ್ತಿತ್ತು, ಅದರ ಮೇಲೆ ಬಿಳಿ ಬಾತುಕೋಳಿಗಳು.

"ಬೇಕಾ ಸಾರ್? ಹಾಗೇ ತಗೊಂಡು ಹೋಗಿ."

"ಛೆ ಛೆ, ಇಲಾಖೆಯವರು ಹಾಗೇ ತಗೊಳ್ಳೋ ಹಾಗಿಲ್ಲ. ದುಡ್ಡು ಕೊಟ್ಟೇ ತಗೊಳ್ತೀನಿ."

"ಯಾರಿಗೆ ಸಾರ್? ಇದ್ರಲ್ಲಿ ನಿಮ್ಮ ಸೈಜಿಂದು ಏನೂ ಇಲ್ವಲ್ಲ!"

ಐವತ್ತೊಂದು ವರ್ಷದ ಸರ್ಕಾರಿ ಮನುಷ್ಯ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಮುದ್ರೆ. "ನಾನು ಕೌದಿ ಹೊಲೀತೀನಿ" ಎಂಬ ಮೂರು ಪದ ಗಂಟಲವರೆಗೆ ಬಂದು, ಅಂಗಡಿಯಲ್ಲಿದ್ದ ಇನ್ನೂ ನಾಲ್ಕು ಜನರನ್ನು ನೋಡಿ ವಾಪಸು ಹೋದವು. ಬದಲಿಗೆ ಒಂದು ಪದ ಹೊರಬಿತ್ತು.

"ಮನೆಯವರಿಗೆ."

ಈ ಕಥೆಯಲ್ಲಿ ರಾಯರು ಬಾಯಿಬಿಟ್ಟು ಹೇಳಿದ ಮೊದಲ ಸುಳ್ಳು ಇದು. ಮುಂದಿನವುಗಳಲ್ಲಿ ಹೆಚ್ಚಿನದೆಲ್ಲ ಬಟ್ಟೆಗಳೇ ಹೇಳಿದ್ದು.

ಕೈಪಿಡಿಯ ಹದಿನಾಲ್ಕನೇ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು: "ಬಳಸಿದ ಬಟ್ಟೆಯನ್ನು ಕತ್ತರಿಸುವ ಮುನ್ನ ಇಡಿಯಾಗಿ ಒಗೆದು, ಬಿಸಿಲಿನಲ್ಲಿ ಒಣಗಿಸತಕ್ಕದ್ದು. ತಪ್ಪಿದಲ್ಲಿ ಕೌದಿ ಮುದುಡುವುದು." ಒಣಗಿಸತಕ್ಕದ್ದು ಎಂದ ಮೇಲೆ ರಾಯರು ಒಣಗಿಸದೆ ಬಿಡುತ್ತಾರೆಯೇ? ಭಾನುವಾರ ಬೆಳಿಗ್ಗೆ ಏಳನೇ ತಂತಿಯ ಮೇಲೆ, ಎರಡು ಬಿಳಿ ಅಂಗಿಗಳ ಪಕ್ಕದಲ್ಲಿ, ಹೆಂಗಸರ ಹಸಿರು ಗೌನು, ಬಾತುಕೋಳಿಯ ಹಳದಿ ಫ್ರಾಕು, ಕಾಫಿ ಬಣ್ಣದ ಉಣ್ಣೆ ಶಾಲು ಮತ್ತು ಆನೆಗೆ ಹೊಲಿಸಿದಂತಿದ್ದ ಒಂದು ನೀಲಿ ಚೌಕಳಿ ಅಂಗಿ ಗಾಳಿಗೆ ಹಾರಾಡಿದವು. ನೀಲಿ ಅಂಗಿಗೆ ಜೇಬು ಮಾತ್ರ ಕಂದು ಬಣ್ಣದ್ದು.

ಒಂಬತ್ತು ಗಂಟೆಯ ಹೊತ್ತಿಗೆ ಮೆಟ್ಟಿಲ ಮೇಲೆ ಸಭೆ ಸೇರಿತ್ತು.

"ಗೌನು ಹೆಂಡತಿಯದು," ಎಂದರು ಕಾರ್ಯದರ್ಶಿಗಳು. ಅವರು ನಿವೃತ್ತ ಹೆಡ್‌ಮಾಸ್ಟರು, ಮನೆಯಲ್ಲಿ ನೀರು ಕೇಳುವಾಗಲೂ 'ಈ ಮೂಲಕ' ಎಂದು ಶುರು ಮಾಡುವವರು. "ಉದ್ದನೆಯ ಮಹಿಳೆ. ಫ್ರಾಕನ್ನು ಪರಿಶೀಲಿಸಲಾಗಿ ಮಗುವಿಗೆ ಐದು ವರ್ಷ. ಅಂದರೆ ಮದುವೆಯಾಗಿ ಕನಿಷ್ಠ ಆರು ವರ್ಷ. ನಮಗೆ ಯಾವುದೇ ಲಿಖಿತ ಮಾಹಿತಿ ಇಲ್ಲ!"

"ಶಾಲು ಅತ್ತೇದು. ದೊಡ್ಡ ಅಂಗಿ ಮಾವಂದು," ಎಂದರು ಏಜೆಂಟರು. ಅವರ ಕಣ್ಣಿನಲ್ಲಿ ಆಗಲೇ ನಾಲ್ಕು ನಾಮಿನಿಗಳು ಸಾಲಾಗಿ ನಿಂತಿದ್ದರು.

"ಮಾವ ಸ್ವಲ್ಪ ಜಿಪುಣರು ಅನ್ಸುತ್ತೆ. ನೀಲಿ ಅಂಗಿಗೆ ಕಂದು ಜೇಬು ಹಾಕ್ಕೊಂಡು ಓಡಾಡ್ತಾರೆ," ಎಂದರು ಕಾರ್ಯದರ್ಶಿಗಳು.

"ಜಿಪುಣ್ರಲ್ಲ," ಎಂದು ಕೆಳಗಿನಿಂದ ದನಿ ಬಂತು. ಅದು ಗೇಟಮ್ಮನ ದನಿ. ನೆಲ ಅಂತಸ್ತಿನ ಒಂದನೇ ಮನೆಯಲ್ಲಿ, ಗೇಟಿಗೆ ಮುಖ ಮಾಡಿದ ಕಿಟಕಿಯಲ್ಲಿ, ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಿದ್ದ, ಒಂದೂವರೆ ವರ್ಷದ ಹಿಂದೆ ಒಬ್ಬಳೇ ಈ ಕಟ್ಟಡಕ್ಕೆ ಬಂದ ಮುದುಕಿ. ಮಂಡಿನೋವು, ಮೆಟ್ಟಿಲು ಹತ್ತಿ ವರ್ಷಗಳಾಗಿದ್ದವು. ಆದರೆ ಕಟ್ಟಡ ಮೊಣಕೈಯಂತೆ ಮಡಚಿಕೊಂಡಿತ್ತು, ಏಳನೇ ತಂತಿ ತಾರಸಿಯ ಎದುರಿನ ಅಂಚಿನಲ್ಲಿದ್ದುದರಿಂದ ಆಕೆಗೆ ಕೂತಲ್ಲಿಂದಲೇ ಕಾಣುತ್ತಿತ್ತು. "ಶಾಯಿ ಸೋರಿರುತ್ತೆ. ಜೇಬು ಬದಲಾಯಿಸಿರ್ತಾರೆ. ತಿಳೀದೆ ಮಾತಾಡ್ಬಾರ್ದು ಮೇಷ್ಟ್ರೇ."

ಹತ್ತು ಗಂಟೆಗೆ ರಾಯರ ಬಾಗಿಲ ಗಂಟೆ ಸದ್ದು ಮಾಡಿತು. ಎಷ್ಟೋ ದಿನದಿಂದ ಯಾರೂ ಒತ್ತದ ಗಂಟೆ. ರಾಯರು ಮೊದಲು ಫ್ರಿಜ್ಜು ಕೆಟ್ಟಿತೆಂದುಕೊಂಡು ಅಡುಗೆಮನೆಗೆ ಓಡಿದರು.

ಬಾಗಿಲಲ್ಲಿ ಏಜೆಂಟರು, ಕಂಕುಳಲ್ಲಿ ಫೈಲು. "ಏನ್ ಸಾರ್ ನೀವು! ಪಕ್ಕದ ಮನೇಲಿದ್ದು ಒಂದು ಮಾತು ಹೇಳ್ಬಾರ್ದಾ? ಕಳ್ಳ ನೀವು!"

"ನಾನಾ? ಅದು... ಬಟ್ಟೆ ನೋಡಿ ಹೇಳ್ತಿದ್ದೀರಾ? ಅದು ಹಾಗಲ್ಲ, ನಾನು ಹಳೇ ಬಟ್ಟೆ..."

"ಹಳೇದಾದ್ರೇನು ಸಾರ್, ಮನುಷ್ಯರು ಮುಖ್ಯ! ಮೆತ್ತಗೆ ಮಾತಾಡಿ, ಮಗು ಮಲಗಿರ್ಬೇಕು. ಮಲಗಿದ್ಯಾ?"

ರಾಯರು ತಿರುಗಿ ಒಳಗೆ ನೋಡಿದರು. ಒಳಗೆ ಎರಡು ಕೋಣೆ, ಒಂದು ಯಂತ್ರ, ಕೆಟ್ಟ ರೇಡಿಯೋ. ಎಲ್ಲ ನಿಶ್ಶಬ್ದ.

"ಸದ್ದಿಲ್ಲ," ಎಂದರು. ಅದು ನಿಜವೇ ಆಗಿತ್ತು.

"ಪಾಪ, ಪ್ರಯಾಣದ ಆಯಾಸ. ಬರ್ತೀನಿ ಸಾರ್, ಎದ್ದ ಮೇಲೆ ಬರ್ತೀನಿ. ನಮ್ಮ ಹುಡುಗೀದೊಂದು ಮೂರು ಚಕ್ರದ ಸೈಕಲ್ಲಿದೆ, ಅವಳು ದೊಡ್ಡೋಳಾದ್ಲು. ಕೊಡ್ಲಾ?" ಎಂದ ಏಜೆಂಟರು, ಹನ್ನೊಂದು ವರ್ಷದಲ್ಲಿ ಮೊದಲ ಬಾರಿ, ರಾಯರ ಭುಜ ಮುಟ್ಟಿದರು.

ಆ ಭುಜದ ಮೇಲೆ ಕೈ ಬಿದ್ದ ಗಳಿಗೆಯಲ್ಲಿ ರಾಯರು ನಿಜ ಹೇಳಬಹುದಿತ್ತು. ಹೇಳಲಿಲ್ಲ. ಸೈಕಲ್ಲು ಬಂತು.

ಮರುದಿನದಿಂದ ಕಟ್ಟಡದ ಮೆಟ್ಟಿಲುಗಳಿಗೆ ಬಾಯಿ ಬಂತು. "ಮನೇಲೆಲ್ಲ ಕ್ಷೇಮನಾ?" "ಮಗು ಸ್ಕೂಲಿಗೆ ಸೇರ್ತಾ?" "ಅತ್ತೆ ಜೊತೆ ಹೊಂದಾಣಿಕೆ ಹೇಗೆ?" ಕೊನೆಯ ಪ್ರಶ್ನೆಗೆ ರಾಯರು "ಒಂದು ಮಾತೂ ಆಡಿಲ್ಲ," ಎಂದು ಪ್ರಾಮಾಣಿಕವಾಗಿ ಹೇಳಿದಾಗ ಮೂರನೇ ಮನೆಯವರು "ಅದೃಷ್ಟವಂತರು" ಎಂದು ನಿಟ್ಟುಸಿರು ಬಿಟ್ಟರು. ಕಾರ್ಯದರ್ಶಿಗಳು ಸುತ್ತೋಲೆ ಹೊರಡಿಸಿದರು: "ಏಳನೇ ಮನೆಯ ಬಾಲಕಿಯು ತಾರಸಿಯ ಅಂಚಿಗೆ ಹೋಗದಂತೆ ಪೋಷಕರು ಎಚ್ಚರ ವಹಿಸುವುದು." ಪೋಷಕರು ಎಂಬ ಪದವನ್ನು ರಾಯರು ನಾಲ್ಕು ಸಲ ಓದಿ, ಸುತ್ತೋಲೆಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

ಗೇಟಮ್ಮ ಮಾತ್ರ ಹೆಂಡತಿ, ಮಗು, ಅತ್ತೆ ಯಾರ ಸುದ್ದಿಯನ್ನೂ ಎತ್ತುತ್ತಿರಲಿಲ್ಲ. ರಾಯರು ಕೆಲಸಕ್ಕೆ ಹೊರಟಾಗ ಕಿಟಕಿಯಿಂದ ಒಂದೇ ಪ್ರಶ್ನೆ.

"ಮಾವ ಹೇಗಿದ್ದಾರೆ?"

"ಇದ್ದಾರೆ ಅಮ್ಮ. ಸ್ವಲ್ಪ ನೆಗಡಿ." ಏನಾದರೂ ಹೇಳಬೇಕಲ್ಲ!

"ಆಗುತ್ತೆ. ಆ ಮೈಯವರಿಗೆ ಬೆವರು ಜಾಸ್ತಿ, ಫ್ಯಾನಿನ ಕೆಳಗೇ ಮಲಗ್ತಾರೆ. ಬೇಡ ಅನ್ನಿ. ಕೇಳಲ್ಲ, ಆದ್ರೂ ಅನ್ನಿ."

ಇನ್ನೊಂದು ದಿನ: "ಮಾವ ಹೊತ್ತು ಹೇಗೆ ಕಳೀತಾರೆ?"

"ಪದಬಂಧ ಬಿಡಿಸ್ತಾರೆ."

"ಇಲ್ಲ, ಅವರು ಪದಬಂಧದವರ ಹಾಗೆ ಕಾಣಲ್ಲ. ಕೂತಲ್ಲೇ ತೂಕಡಿಸಿ, ಕೇಳಿದ್ರೆ ಯೋಚ್ನೆ ಮಾಡ್ತಿದ್ದೆ ಅನ್ನೋರು."

"ಹೌದು," ಎಂದು ರಾಯರು ಒಪ್ಪಿಕೊಂಡರು. ತನ್ನ ಮಾವನ ಬಗ್ಗೆ ತನಗಿಂತ ಗೇಟಮ್ಮನಿಗೇ ಚೆನ್ನಾಗಿ ಗೊತ್ತಿದ್ದುದರಲ್ಲಿ ಅವರಿಗೆ ಏನೂ ವಿಶೇಷ ಕಾಣಲಿಲ್ಲ. ತೂಕ ಮತ್ತು ಅಳತೆಯವರಿಗೆ ಕೆಲವು ಸಲ ಕಣ್ಣೆದುರಿನದು ಕಾಣುವುದಿಲ್ಲ.

ಈಗ ರಾಯರಿಗೆ ಎದುರಾದದ್ದು ಒಂದು ವಿಚಿತ್ರ ಸಂಕಟ. ಬಟ್ಟೆ ತಂದದ್ದು ಕೌದಿಗೆ. ಕೌದಿ ಆಗಬೇಕಾದರೆ ಕತ್ತರಿಸಬೇಕು. ಆದರೆ ಗೌನು ಕತ್ತರಿಸಿದರೆ ಮುಂದಿನ ಭಾನುವಾರ ಹೆಂಡತಿ ಎಲ್ಲಿ ಎಂದು ಕಟ್ಟಡ ಕೇಳುತ್ತದೆ. ಫ್ರಾಕು ಕತ್ತರಿಸಿದರಂತೂ ಪೊಲೀಸರೇ ಕೇಳುತ್ತಾರೆ. ಆದ್ದರಿಂದ ಅವರು ಯಾರೂ ತೊಡದ, ಧೂಳೂ ಹಿಡಿಯದ ನಾಲ್ಕು ಬಟ್ಟೆಗಳನ್ನು ಭಾನುವಾರ ಭಾನುವಾರ ಒಗೆದು ಒಣಹಾಕಿದರು. ಗಂಟಿನಲ್ಲಿದ್ದ ಉಳಿದ ಬಟ್ಟೆಗಳನ್ನು ಬಚ್ಚಲಲ್ಲೇ ಒಣಗಿಸಿ, ಕತ್ತರಿಸಿ ಸಂಜೆ ಹೊತ್ತು ಹೊಲಿದರು. ಕೌದಿ ಸುತ್ತಲೂ ಬೆಳೆಯಿತು. ನಡುವೆ ಮಾತ್ರ ನಾಲ್ಕು ಚೌಕದಷ್ಟು ಜಾಗ ತೂತಾಗಿಯೇ ಉಳಿಯಿತು.

ನಾಲ್ಕನೇ ಭಾನುವಾರ ಏಜೆಂಟರು, "ಮಗೂಗೆ ಒಂದೇ ಫ್ರಾಕಾ ಸಾರ್?" ಎಂದರು. ರಾಯರಿಗೆ ಅವಮಾನವಾಯಿತು. ಹಳೇ ಬಟ್ಟೆ ಅಂಗಡಿಗೆ ಓಡಿ ಗುಲಾಬಿ ಫ್ರಾಕೊಂದು ತಂದು ಹಾಕಿದರು. ಗಡಿಬಿಡಿಯಲ್ಲಿ ಅಳತೆ ನೋಡಲಿಲ್ಲ. ಅದು ಒಂಬತ್ತು ವರ್ಷದ ಹುಡುಗಿಯದು.

"ಮೂರು ವಾರದಲ್ಲಿ ಒಂದು ಗೇಣು!" ಎಂದರು ಕಾರ್ಯದರ್ಶಿಗಳು. "ಮೂವತ್ತೆರಡು ವರ್ಷ ಮಕ್ಕಳ ನಡುವೆ ಇದ್ದವನು ನಾನು. ಈ ಪ್ರಮಾಣದ ಬೆಳವಣಿಗೆ ಪಠ್ಯದಲ್ಲೇ ಇಲ್ಲ."

"ಒಳ್ಳೆ ಪೋಷಣೆ," ಎಂದರು ರಾಯರು ಬೆವರುತ್ತಾ.

ಅನುಮಾನದ ಬೀಜ ಬಿದ್ದದ್ದು ಅಲ್ಲಿ. ಆರನೇ ವಾರ ಅದು ಮೊಳೆಯಿತು. "ಬಟ್ಟೆ ಹೊರಗೆ ಬರುತ್ತೆ, ಜನ ಬರಲ್ಲ. ಯಾಕೆ?" ಎಂದು ಕಾರ್ಯದರ್ಶಿಗಳು ಕೇಳಿದರು. ಏಜೆಂಟರು ಗೋಡೆಗೆ ಕಿವಿ ಕೊಟ್ಟರು. ಮಗುವಿನ ಅಳುವಿಲ್ಲ, ಅತ್ತೆಯ ಗೊಣಗಿಲ್ಲ, ಮಾವನ ಗೊರಕೆಯಿಲ್ಲ. ಕೇಳಿಸಿದ್ದು ಒಂದೇ ಸದ್ದು: ಟಕಟಕಟಕಟಕ.

"ಹೊಲಿಗೆ ಮಿಷನ್ನು!" ಎಂದು ಮೆಟ್ಟಿಲ ಸಭೆಗೆ ಓಡಿ ಬಂದರು. "ಆಫೀಸಿಂದ ಬಂದ ತಕ್ಷಣ ಶುರು ಮಾಡಿಸ್ತಾನೆ. ಆ ತಾಯಿ ಕೈಲಿ ಹೊಲಿಸ್ತಾನೆ! ನಿಲ್ಸೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಎಲ್ಲರ್ನೂ ಕೂಡಿಹಾಕಿ ದುಡಿಸ್ಕೋತಿದ್ದಾನೆ ಸಾರ್!"

ಹಿಂದಿನ ವಾರ 'ಸಾರ್ ಬನ್ನಿ' ಆಗಿದ್ದ ರಾಯರು ಒಂದೇ ಸಂಜೆಗೆ 'ಅವನು' ಆಗಿಬಿಟ್ಟರು. ಕಾರ್ಯದರ್ಶಿಗಳು ನಿವಾಸಿಗಳ ಪುಸ್ತಕ ತೆರೆದು, 'ತುರ್ತು ಸಂಪರ್ಕ' ಎಂಬಲ್ಲಿದ್ದ ಒಂದೇ ಒಂದು ನಂಬರಿಗೆ ಫೋನು ಹಚ್ಚಿದರು.

"ನಮಸ್ಕಾರ. ತಮ್ಮ ಸಹೋದರರ ಧರ್ಮಪತ್ನಿಯವರ ಕ್ಷೇಮದ ಸಂಬಂಧವಾಗಿ ಈ ಮೂಲಕ..."

"ಯಾರ ಪತ್ನಿ?"

"ತಮ್ಮ ಸಹೋದರರ."

ಆ ಕಡೆಯಿಂದ ಬಂದ ಕಿರುಚಾಟಕ್ಕೆ ಫೋನೇ ಬೇಕಿರಲಿಲ್ಲ, ಊರುಗಳ ನಡುವೆ ಗಾಳಿ ಸಾಕಿತ್ತು. "ಮದ್ವೆ ಮಾಡ್ಕೊಂಡ್ನಾ? ನನಗೆ ಹೇಳ್ದೇನಾ? ನಾನು ಮೂವತ್ತೇಳು ಹೆಣ್ಣು ತೋರ್ಸಿದ್ದೆ ಕಣ್ರೀ! ಮೂವತ್ತೇಳು! ಆ ಮೂವತ್ತೆಂಟನೇಳು ಯಾರು?"

ಶನಿವಾರ ಮಧ್ಯಾಹ್ನ ಅಕ್ಕ ಬಂದಿಳಿದಳು. ಮುಂದೆ ಅಕ್ಕ, ಹಿಂದೆ ಕಾರ್ಯದರ್ಶಿ, ಅವರ ಹಿಂದೆ ಏಜೆಂಟರು, ಅವರ ಹಿಂದೆ ಉಳಿದ ಮನೆಯವರು. ಮೆಟ್ಟಿಲುದ್ದಕ್ಕೂ ಮೆರವಣಿಗೆ. ಗೇಟಮ್ಮ ಮಾತ್ರ ಕಿಟಕಿಯಲ್ಲೇ ಕೂತು, "ಹೋಗ್ಬೇಡಿ, ಸುಮ್ನಿರಿ ಎಲ್ಲರೂ," ಎಂದು ಎರಡು ಸಲ ಕೂಗಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಬಾಗಿಲು ತೆರೆದ ರಾಯರ ಕೊರಳಲ್ಲಿ ಇಂಚು ಟೇಪು, ಬಾಯಲ್ಲಿ ಎರಡು ಗುಂಡುಪಿನ್ನು.

"ಎಲ್ಲೋ ನಿನ್ ಹೆಂಡ್ತಿ?"

ಪಿನ್ನಿನಿಂದಾಗಿ ರಾಯರಿಗೆ ಉತ್ತರಿಸಲಾಗಲಿಲ್ಲ. ಅಕ್ಕ ಅವರನ್ನು ಪಕ್ಕಕ್ಕೆ ತಳ್ಳಿ ಒಳನುಗ್ಗಿದಳು. ಮಿಕ್ಕವರು ಹಿಂಬಾಲಿಸಿದರು. ಮೊದಲ ಕೋಣೆಯಲ್ಲಿ ಯಾರೂ ಇಲ್ಲ. ಎರಡನೆಯದರಲ್ಲಿ ನಾಲ್ಕು ಕುರ್ಚಿ. ಮನೆಯಲ್ಲಿದ್ದ ಅಷ್ಟೂ ಕುರ್ಚಿಗಳು. ಒಂದೊಂದರ ಬೆನ್ನಿಗೆ ಒಂದೊಂದು ಇಸ್ತ್ರಿ ಮಾಡಿದ ಬಟ್ಟೆ. ಹಸಿರು ಗೌನು, ಕಾಫಿ ಶಾಲು, ನೀಲಿ ಅಂಗಿ. ನಾಲ್ಕನೆಯದರ ಮೇಲೆ ಹಳದಿ ಫ್ರಾಕು, ಸೀಟಿನ ಮೇಲೆ ಒಂದು ದಿಂಬು. ಮಗುವಿಗೆ ಎತ್ತರ ಸಾಲಬೇಕಲ್ಲ ಎಂಬಂತೆ. ಮೂಲೆಯಲ್ಲಿ ಸೈಕಲ್ಲು, ಒರೆಸಿ ಹೊಳೆಯುವಂತೆ ಇಟ್ಟದ್ದು. ನೆಲದ ಮೇಲೆ, ನಡುವೆ ತೂತಿದ್ದ, ಐದು ಜನ ಹೊದೆಯುವಷ್ಟು ದೊಡ್ಡ ಕೌದಿ.

ಕಾರ್ಯದರ್ಶಿಗಳು ಬಚ್ಚಲು ನೋಡಿ ಬಂದರು. ಏಜೆಂಟರು ಮಂಚದ ಕೆಳಗೆ ಬಗ್ಗಿ ಎದ್ದರು.

"ಹಾಗಾದ್ರೆ..." ಎಂದ ಕಾರ್ಯದರ್ಶಿಗಳಿಗೆ ಜೀವನದಲ್ಲಿ ಮೊದಲ ಸಲ 'ಈ ಮೂಲಕ' ಸಿಗಲಿಲ್ಲ. "ಯಾರೂ ಇಲ್ವಾ?"

ರಾಯರು ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಕುಶನ್ನಿಗೆ ಚುಚ್ಚಿದರು.

"ಇಲ್ಲ," ಎಂದರು. "ನಾನು ಕೌದಿ ಹೊಲೀತೀನಿ."

ಅಂಗಡಿಯಲ್ಲಿ ಹೇಳಬೇಕಾಗಿದ್ದ ಮೂರು ಪದ ಹೊರಬಂದಾಗ ಆರು ವಾರ ತಡವಾಗಿತ್ತು.

ನಗುತ್ತಾರೆಂದು ರಾಯರು ಅಂದುಕೊಂಡಿದ್ದರು. ಯಾರೂ ನಗಲಿಲ್ಲ. ಅದಕ್ಕಿಂತ ಕೆಟ್ಟದಾಯಿತು: ಎಲ್ಲರೂ ಏನನ್ನೋ ಕಳೆದುಕೊಂಡವರ ಹಾಗೆ ನಿಂತರು. ಏಜೆಂಟರು ಫ್ರಾಕನ್ನೇ ನೋಡುತ್ತಾ, "ಅವಳ ಹುಟ್ಟುಹಬ್ಬ ಯಾವಾಗ ಅಂತ ಕೇಳೋಣ ಅಂತಿದ್ದೆ," ಎಂದರು. ಆಮೇಲೆ, "ಮೋಸ ಸಾರ್ ಇದು. ಮನಸ್ಸಿಗೆ ನೋವಾಗುತ್ತೆ," ಎಂದು ಸೈಕಲ್ಲು ಎತ್ತಿಕೊಂಡು ಹೊರಟರು. ಬಾಗಿಲ ಚೌಕಟ್ಟಿಗೆ ತಾಗಿ ಅದರ ಗಂಟೆ ಒಂದು ಸಲ ಟ್ರಿಣ್ ಎಂದಿತು.

ಎಲ್ಲ ಇಳಿದು ಹೋದ ಮೇಲೆ ಅಕ್ಕ ಯಂತ್ರದ ಮುಂದೆ ನಿಂತಳು. "ಇದು ನನ್ನ ಮಿಷನ್ನಲ್ವೇನೋ?"

"ಹೌದು. ತಗೊಂಡು ಹೋಗ್ತೀಯಾ?"

ಅಕ್ಕ ಮಂಚದ ಮೇಲಿದ್ದ ಹಳೇ ಕೌದಿಯ ಒಂದು ಮೂಲೆ ಎತ್ತಿ ನೋಡಿದಳು, ಅದರಲ್ಲಿ ತನ್ನ ಟ್ರಂಕಿನ ಚೂರೊಂದು ಸಿಕ್ಕಿತು, ಬೆರಳಲ್ಲಿ ಸವರಿದಳು. "ನಂಗೆ ಬಸ್ಸಿಗೆ ಹೊತ್ತಾಯ್ತು," ಎಂದಳು. "ಮಿಷನ್ ಇಟ್ಕೋ. ಇನ್ನೆರಡು ವಾರ."

ಭಾನುವಾರ ಏಳನೇ ತಂತಿಯ ಮೇಲೆ ಎರಡು ಬಿಳಿ ಅಂಗಿ, ಎರಡು ಬೂದು ಪ್ಯಾಂಟು, ಎರಡು ಬನಿಯನ್ನು, ಒಂದು ಟವೆಲ್ಲು. ಯಾರೂ ಓದಲಿಲ್ಲ. ಮೆಟ್ಟಿಲ ಮೇಲೆ ಜನ ಮತ್ತೆ ಗೋಡೆಗೆ ಒತ್ತಿ ದಾರಿ ಬಿಟ್ಟರು, ಈ ಸಲ ಸಿಲಿಂಡರು ಸೋರುತ್ತಿದ್ದರೆ ಬಿಡುವಷ್ಟು. ಕಾರ್ಯದರ್ಶಿಗಳ ಹೊಸ ಸುತ್ತೋಲೆ ಬಾಗಿಲ ಕೆಳಗಿನಿಂದ ತೂರಿ ಬಂತು: "ಏಳನೇ ಮನೆಯ ನಿವಾಸಿಗಳ ಸಂಖ್ಯೆಯನ್ನು ಐದರಿಂದ ಒಂದಕ್ಕೆ ತಿದ್ದುಪಡಿ ಮಾಡಲಾಗಿದೆ."

ಗೇಟಮ್ಮನ ಕಿಟಕಿ ಮುಚ್ಚಿತ್ತು. ಸೋಮವಾರವೂ, ಮಂಗಳವಾರವೂ ಮುಚ್ಚಿತ್ತು. ಬೇರೆ ಯಾರು ಮಾತು ಬಿಟ್ಟರೂ ತಡೆದುಕೊಂಡಿದ್ದ ರಾಯರು ಆ ಕಿಟಕಿಯ ಮುಂದೆ ಮಾತ್ರ ದಿನಾ ಒಂದು ಗಳಿಗೆ ನಿಂತು, ಕೆಮ್ಮಿ, ಹೋಗುತ್ತಿದ್ದರು.

ಈಗ ಕತ್ತರಿಸಲು ಅಡ್ಡಿಯೇನೂ ಇರಲಿಲ್ಲ. ಮುಂದಿನ ಶನಿವಾರ ಮಧ್ಯಾಹ್ನ ಗೌನಿನಿಂದ ಒಂದು ಚೌಕ ತೆಗೆದರು. ಶಾಲಿನಿಂದ ಒಂದು. ಫ್ರಾಕಿಗೆ ಬಂದಾಗ ಬಾತುಕೋಳಿ ಯಾವುದರ ಕುತ್ತಿಗೆಯೂ ಕತ್ತರಿಗೆ ಸಿಗದ ಹಾಗೆ ಮುಕ್ಕಾಲು ಗಂಟೆ ಅಳೆದರು. ಕಡೆಗೆ ನೀಲಿ ಅಂಗಿಯನ್ನು ಮೇಜಿನ ಮೇಲೆ ಹರಡಿ ಕತ್ತರಿ ಬಾಯಿ ಬಿಡಿಸುವಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು.

ಹೊರಗೆ ಗೇಟಮ್ಮ. ಒಂದು ಕೈ ಗೋಡೆಯ ಮೇಲೆ, ಒಂದು ಕೈ ಮಂಡಿಯ ಮೇಲೆ, ಉಸಿರು ಎಲ್ಲೋ ಎರಡನೇ ಅಂತಸ್ತಿನಲ್ಲಿ. ಊಟ ಮುಗಿಸಿ ಹೊರಟವಳು ಈಗ ತಲುಪಿದ್ದಳು.

"ಮಾವ... ಇದ್ದಾರಾ?"

"ಅಮ್ಮ, ಯಾರೂ ಇಲ್ಲ. ನಿಮಗೂ ಹೇಳಿರ್ಬೇಕಲ್ಲ ಎಲ್ಲರೂ. ನಾನೇ ಸುಳ್ಳು..."

"ನನಗೇನು ಹೇಳ್ತಾರೆ ಅವ್ರು. ಮೊದಲನೇ ಭಾನುವಾರವೇ ಗೊತ್ತಿತ್ತು ನನಗೆ." ಗೇಟಮ್ಮ ಒಳಗೆ ಬಂದು ಕುರ್ಚಿಯ ಮೇಲೆ ಕುಸಿದು ಕೂತಳು. "ಆ ಕಂದು ಜೇಬು ನಾನು ಹಾಕಿದ್ದು. ಪೆನ್ನಿನ ಮುಚ್ಚಳ ಹಾಕ್ರೀ ಅಂತ ನಮ್ಮ ಯಜಮಾನ್ರಿಗೆ ನಲವತ್ತು ವರ್ಷ ಹೇಳ್ದೆ. ಅವ್ರು ಹಾಕ್ಲಿಲ್ಲ. ಅವ್ರು ಹೋದ ಮೇಲೆ ಬೀರು ತೆಗೆಯೋಕೆ ಆಗ್ತಿರ್ಲಿಲ್ಲ ನನಗೆ, ಎಲ್ಲಾ ಕಟ್ಟಿ ಆ ಅಂಗಡಿಗೆ ಕೊಟ್ಟುಬಿಟ್ಟೆ. ಕೊಟ್ಟ ಮಾರನೇ ದಿನ ವಾಪಸ್ ಕೇಳೋಕೆ ಹೋಗಿದ್ದೆ. ಮಾರಾಟ ಆಗಿತ್ತು ಅಂದ್ಲು, ಸುಳ್ಳುಗಾತಿ. ಎರಡು ವರ್ಷ ಆದ್ಮೇಲೆ ಒಂದಿನ ಕಿಟಕಿ ತೆಗೀತೀನಿ, ನಿಮ್ಮ ತಂತಿ ಮೇಲೆ ಕೈ ಬೀಸ್ಕೊಂಡು ನಿಂತಿದ್ದಾರೆ."

ರಾಯರ ಕೈಯಲ್ಲಿ ಕತ್ತರಿ ಇನ್ನೂ ಬಾಯಿ ತೆರೆದೇ ಇತ್ತು.

"ಮತ್ತೆ ದಿನಾ ನನ್ನನ್ನ ಕೇಳ್ತಿದ್ರಲ್ಲ..."

"ಇನ್ಯಾರನ್ನ ಕೇಳ್ಲಿ? ಹೋದವರು ಹೇಗಿದ್ದಾರೆ ಅಂತ ಯಾರನ್ನಾದ್ರೂ ಕೇಳೋಕಾಗುತ್ತಾ? ನೀವು ನೆಗಡಿ ಬರಿಸಿದ್ರಿ, ವಾಸಿ ಮಾಡಿದ್ರಿ. ಪದಬಂಧ ಮಾತ್ರ ಅತಿಯಾಯ್ತು. ಅವರಿಗೆ ಕಾಗುಣಿತವೇ ಬರ್ತಿರ್ಲಿಲ್ಲ."

ರಾಯರು ಕತ್ತರಿ ಕೆಳಗಿಟ್ಟು, ಅಂಗಿಯನ್ನು ಮಡಚಿ, ಎರಡು ಕೈಯಲ್ಲೂ ಹಿಡಿದು ಮುಂದೆ ಚಾಚಿದರು. "ತಗೊಳ್ಳಿ ಅಮ್ಮ."

ಗೇಟಮ್ಮ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಕಂದು ಜೇಬಿನೊಳಗೆ ಬೆರಳು ಹಾಕಿ, ಏನೂ ಇಲ್ಲವೆಂದು ಖಚಿತಪಡಿಸಿಕೊಂಡು, ಸ್ವಲ್ಪ ಹೊತ್ತು ಬೆರಳನ್ನು ಅಲ್ಲೇ ಬಿಟ್ಟಳು. ಆಮೇಲೆ ನೆಲದ ಮೇಲಿನ ಕೌದಿಯ ಕಡೆ ನೋಡಿದಳು.

"ಮತ್ತೆ ಬೀರುವಿಗೇ ಹಾಕ್ಬೇಕಲ್ಲ ಇದನ್ನ," ಎಂದಳು. "ಬೇಡ. ಕತ್ತರಿಸಿ. ಜೇಬು ಕೀಳ್ಬೇಡಿ, ಜೇಬು ಸಮೇತ ಹಾಕಿ. ಇದೇನ್ರೀ ಇದು, ಅಳತೆ ಇಲಾಖೆಯವರು ಅಂತೀರಿ, ಒಂದು ಮೂಲೆಗೊಂದು ಮೂಲೆ ಕೂಡಿಲ್ಲ! ಆ ಕೆಂಪು ಚೌಕ ನೋಡಿ, ಹೊರಟು ನಿಂತ ಹಾಗಿದೆ. ಇಲ್ಲಿ ಕೊಡಿ, ಬಿಚ್ಚಿ ಕೊಡ್ತೀನಿ."

ಸಂಜೆಯವರೆಗೆ ಆಕೆ ಬಿಚ್ಚಿದಳು, ರಾಯರು ಹೊಲಿದರು. ಗೋಡೆಯಾಚೆ ಏಜೆಂಟರಿಗೆ ಟಕಟಕ ಕೇಳಿಸಿತು, ನಡುನಡುವೆ ಒಂದು ಹೆಣ್ಣು ದನಿ, "ಅಯ್ಯೋ, ಮತ್ತೆ ಸೊಟ್ಟ!" ಎನ್ನುವುದೂ ಕೇಳಿಸಿತು. ಅವರು ಹೆಂಡತಿಯನ್ನು ಕರೆಯಲು ಬಾಯಿ ತೆರೆದು, ಈಗಾಗಲೇ ಒಂದು ಸಲ ಆದದ್ದು ನೆನೆದು, ಸುಮ್ಮನಾದರು.

ಮರುದಿನ ಭಾನುವಾರ. ಕೈಪಿಡಿಯ ಮೂವತ್ತೊಂದನೇ ಪುಟದಂತೆ, ಮುಗಿದ ಕೌದಿಯನ್ನು ಒಂದು ಸಲ ಒಗೆಯತಕ್ಕದ್ದು. ಏಳನೇ ತಂತಿ ಆ ಭಾರಕ್ಕೆ ಜಗ್ಗಿ ತಾರಸಿಯ ನೆಲ ಮುಟ್ಟುವಂತಾಯಿತು. ಕಟ್ಟಡದವರು ಹತ್ತಿ ಬಂದರು, ನೋಡಿದರು, ಏನು ಓದಬೇಕೆಂದು ತಿಳಿಯದೆ ಇಳಿದು ಹೋದರು.

ರಾಯರು ಹಾಲು ತರಲು ಇಳಿದಾಗ ಗೇ‌ಟಿನ ಪಕ್ಕದ ಕಿಟಕಿ ತೆರೆದಿತ್ತು. ಗೇಟಮ್ಮ ಮಂಡಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕೂತಿದ್ದಳು. ಅವರು ದಾಟುವವರೆಗೆ ಸುಮ್ಮನಿದ್ದು, ಗೇಟಿನ ಚಿಲಕಕ್ಕೆ ಕೈ ಹಾಕಿದಾಗ ಕೇಳಿದಳು.

"ಮಾವ ಹೇಗಿದ್ದಾರೆ?"

ರಾಯರು ತಲೆಯೆತ್ತಿ ತಾರಸಿಯ ಅಂಚನ್ನು ನೋಡಿದರು.

"ಮೇಲೆ ಬಿಸಿಲು ಕಾಯಿಸ್ಕೋತಿದ್ದಾರೆ ಅಮ್ಮ. ಎಲ್ಲರೂ ಜೊತೆಗಿದ್ದಾರೆ."

"ಹನ್ನೆರಡು ಗಂಟೆಯೊಳಗೆ ಕರ್ಕೊಂಡು ಬಂದ್ಬಿಡಿ," ಎಂದಳು ಗೇಟಮ್ಮ. "ಬಣ್ಣ ಹೋಗುತ್ತೆ."